ಷರಾ

ಭೀಮಸಮುದ್ರದ ಆ ಅಡಿಕೆ ಮಂಡಿಯ ಕಿರ್ದಿ ಪುಸ್ತಕದಲ್ಲಿ ಪ್ರತಿ ಪುಟದ ಬಲ ಅಂಚಿಗೆ ಮೂರು ಬೆರಳಗಲದ ಜಾಗ ಬಿಟ್ಟಿರುತ್ತಿತ್ತು. ಅದರ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ಷರಾ’ ಅಂತ ಬರೆದಿರುತ್ತಿತ್ತು. ಜಮಾ, ಖರ್ಚು, ಬಾಕಿ ಇವೆಲ್ಲ ಅಂಕಿಯ ಕಾಲಂಗಳು. ಷರಾ ಒಂದೇ ಮಾತಿನ ಕಾಲಂ. ‘ಚೀಲ ಒದ್ದೆ, ಎರಡು ಕೆಜಿ ಬಿಟ್ಟಿದೆ.’ ‘ಮಗಳ ಮದುವೆಗೆ ಮುಂಗಡ, ಮುಂದಿನ ಕೊಯ್ಲಿಗೆ ವಜಾ.’ ‘ರಾಶಿ ಅಂತ ತಂದದ್ದು, ಸುರಿದು ನೋಡಿದರೆ ಬೆಟ್ಟೆಯೂ ಸೇರಿದೆ, ರೈತರು ಒಪ್ಪಿದ್ದಾರೆ.’ ಅಕ್ಷರ ಸಣ್ಣದು, ಸಾಲು ಒತ್ತೊತ್ತು. ಆದರೆ ಹತ್ತು ವರ್ಷ ಬಿಟ್ಟು ತೆಗೆದರೂ ಆ ದಿನ ಆ ಅಂಕಿ ಯಾಕೆ ಹಾಗಿತ್ತು ಅನ್ನುವುದು ಅಲ್ಲಿ ಸಿಗುತ್ತಿತ್ತು.

ಬರೆಯುತ್ತಿದ್ದವರು ಮಂಡಿಯ ಹಿರಿಯ ಗುಮಾಸ್ತರು. ನಾವು ಹುಡುಗರೆಲ್ಲ ಅವರನ್ನು ಲೆಕ್ಕದಜ್ಜ ಅಂತಲೇ ಕರೆಯುತ್ತಿದ್ದೆವು. ನಾನು ಚಿತ್ರದುರ್ಗದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಕೆಲಸ ಸಿಗದೆ ಊರಿನಲ್ಲಿದ್ದ ಕಾಲ ಅದು, 2000ನೇ ಇಸವಿ. ಮಂಡಿಯ ಸಾವ್ಕಾರ್ರು ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳಲು ಕರೆದರು. ಅಡಿಕೆ ಬೇಯಿಸುವ ದಿನಗಳು ಶುರುವಾಗಿದ್ದವು. ಆ ದಿನಗಳಲ್ಲಿ ನಮ್ಮೂರಿನಲ್ಲಿ ಕೆರೆ ಏರಿಯ ಮೇಲೆ ನಿಂತರೂ ಚೊಗರಿನ ವಾಸನೆ, ಮಂಡಿಯೊಳಗೆ ಕೂತರೂ ಚೊಗರಿನ ವಾಸನೆ. ಕೀಬೋರ್ಡಿನ ಗುಂಡಿಗಳ ಸಂದಿಯಲ್ಲೂ ಕೆಂಪಗೆ ಅಡಿಕೆ ಧೂಳು ಕೂತಿರುತ್ತಿತ್ತು. ದಿನಾ ಬೆಳಿಗ್ಗೆ ಅದನ್ನು ಬ್ರಷ್ಷಿನಿಂದ ಕೊಡವುವುದೇ ನನ್ನ ಮೊದಲ ಕೆಲಸ.

ನಾನು ಬರುವ ಮೊದಲು ಮಂಡಿಯಲ್ಲಿ ಡಾಸ್ ಮೇಲೆ ನಡೆಯುವ ಒಂದು ಪ್ರೋಗ್ರಾಮ್ ಇತ್ತು. ದಾವಣಗೆರೆಯ ಹುಡುಗನೊಬ್ಬ ಫಾಕ್ಸ್‌ಪ್ರೊದಲ್ಲಿ ಬರೆದುಕೊಟ್ಟದ್ದು. ಅಡಿಕೆ ತೂಕ, ದರ, ಕಮಿಷನ್, ಹಮಾಲಿ ಹಾಕಿದರೆ ರೈತರಿಗೆ ಕೊಡುವ ಬಿಕ್ರಿ ಪಟ್ಟಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಹೊರಬರುತ್ತಿತ್ತು, ಇಂಗ್ಲಿಷ್ ಅಕ್ಷರದಲ್ಲಿ. ಪಟ್ಟಿ ಕನ್ನಡದಲ್ಲೇ ಬರಬೇಕು ಅಂತ ಆ ವರ್ಷ ಸಾವ್ಕಾರ್ರು ಹೊಸ ಪ್ರೋಗ್ರಾಮ್ ತರಿಸಿದರು. ಅದು ನಡೆಯುತ್ತಿದ್ದದ್ದು ವಿಂಡೋಸ್ 98ರ ಮೇಲೆ. ದೀಪಾವಳಿಗೆ ಹತ್ತು ದಿನವಿರುವಾಗ ಅದನ್ನು ಹಾಕಿಕೊಡುವವರು ಬಂದು ಮಧ್ಯಾಹ್ನವೆಲ್ಲ ಕೂತು ಪ್ರಿಂಟರಿನ ಅಳತೆ ಹೊಂದಿಸಿದರು. ಒಂದು ಹಾಳೆ ಅಚ್ಚು ಹಾಕುವುದು, ನೋಡುವುದು, ಅಂಕಿ ಬದಲಿಸುವುದು, ಮತ್ತೆ ಅಚ್ಚು ಹಾಕುವುದು. ಇಪ್ಪತ್ತು ಹಾಳೆ ಹಾಳಾದ ಮೇಲೆ ಹೆಸರು ಹೆಸರಿನ ಜಾಗಕ್ಕೆ, ದುಡ್ಡು ದುಡ್ಡಿನ ಜಾಗಕ್ಕೆ ಬಂದು ಕೂತಿತು. ಎಲ್ಲರಿಗೂ ಸಮಾಧಾನ. ಅವರು ಸಂಜೆಯ ಬಸ್ಸಿಗೆ ಹೋದರು.

ಅಜ್ಜ ಮಾತ್ರ ಪರದೆ ನೋಡುತ್ತಾ ಕೇಳಿದರು: ‘ಈಗ ಇವರು ಇಷ್ಟೊತ್ತು ಏನೇನೋ ಬದಲಾಯಿಸಿದರಲ್ಲ ತಮ್ಮಾ, ಅದನ್ನೆಲ್ಲ ಎಲ್ಲಿ ಬರಕೊಂಡಿದ್ದಾರೆ?’

‘ಕಂಪ್ಯೂಟರೇ ಇಟ್ಟುಕೊಂಡಿರುತ್ತೆ ಅಜ್ಜ.’

‘ಇಟ್ಟುಕೊಂಡಿರೋದು ಸರಿ. ಷರಾ ಎಲ್ಲೈತೆ?’

ನನಗೆ ಆಗ ಆ ಪ್ರಶ್ನೆ ಅರ್ಥವೇ ಆಗಲಿಲ್ಲ.

ಅವತ್ತು ರಾತ್ರಿ ಮಂಡಿ ಮುಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು. ಅದನ್ನು ಬದಲಿಸಬೇಕು ಅಂತ ಸಾವ್ಕಾರ್ರಿಗೆ ನೆನಪಿಸಬೇಕಾದವನು ನಾನು, ನೆನಪಿಸಿರಲಿಲ್ಲ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ನೀಲಿ ಪರದೆಯ ಮೇಲೆ ರಿಜಿಸ್ಟ್ರಿ ಓದಲಾಗುತ್ತಿಲ್ಲ ಎಂಬ ಸಂದೇಶ. ಮತ್ತೆ ಹಚ್ಚಿದರೆ ಮತ್ತೆ ಅದೇ. ಹೊರಗೆ ಅಡಿಕೆ ಚೀಲ ಹೊತ್ತ ಟ್ರ್ಯಾಕ್ಟರುಗಳು ಆಗಲೇ ಬಂದು ನಿಂತಿದ್ದವು.

ಈ ರಿಜಿಸ್ಟ್ರಿ ಅಂದರೇನು ಅಂತ ನಾನು ನಿಜವಾಗಿ ಕಲಿತದ್ದು ಆ ಬೆಳಿಗ್ಗೆ. ಯಾವುದೇ ಆಪರೇಟಿಂಗ್ ಸಿಸ್ಟಮ್ ತನ್ನ ಹೊಂದಿಕೆಗಳನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಲೇಬೇಕು. ಪ್ರಿಂಟರ್ ಯಾವುದು, ಕಾಗದ ಎಷ್ಟುದ್ದ, ಯಾವ ಫಾಂಟು ಎಲ್ಲಿದೆ, ಯಾವ ಪ್ರೋಗ್ರಾಮ್ ಯಾವ ಕಡತ ತೆರೆಯಬೇಕು. ಡಾಸ್ ಕಾಲದಲ್ಲಿ ಇವೆಲ್ಲ ಸಾದಾ ಅಕ್ಷರದ ಕಡತಗಳಲ್ಲಿ ಇರುತ್ತಿದ್ದವು. ಕಾನ್ಫಿಗ್.ಸಿಸ್, ಆಟೋಎಕ್ಸೆಕ್.ಬ್ಯಾಟ್, ಆಮೇಲೆ ವಿಂಡೋಸ್ 3.1ರಲ್ಲಿ ವಿನ್.ಐಎನ್‌ಐ, ಸಿಸ್ಟಮ್.ಐಎನ್‌ಐ. ಓದಲು ಬರುವ ಯಾರಾದರೂ ತೆರೆದು ಓದಬಹುದು. 1995ರಲ್ಲಿ ಬಂದ ವಿಂಡೋಸ್ 95ರಿಂದ ಇವೆಲ್ಲ ಬಹುಪಾಲು ಒಂದೇ ಉಗ್ರಾಣಕ್ಕೆ ಸೇರಿದವು. ಹೊರಗೆ ಅದು ರಿಜಿಸ್ಟ್ರಿ. ಒಳಗೆ ವಿಂಡೋಸ್ ಫೋಲ್ಡರಿನಲ್ಲಿ ಅಡಗಿಸಿಟ್ಟ ಎರಡು ಕಡತಗಳು, ಸಿಸ್ಟಮ್.ಡ್ಯಾಟ್ ಮತ್ತು ಯೂಸರ್.ಡ್ಯಾಟ್.

ಏನು ಕೆಟ್ಟಿದೆ ಅಂತ ನೋಡೋಣ ಎಂದು ಡಾಸಿಗೆ ಇಳಿದು ಎಡಿಟ್ ಪ್ರೋಗ್ರಾಮಿನಲ್ಲಿ ಸಿಸ್ಟಮ್.ಡ್ಯಾಟ್ ತೆರೆದೆ. ಮೊದಲ ನಾಲ್ಕು ಅಕ್ಷರ ಸಿ, ಆರ್, ಇ, ಜಿ. ಅಷ್ಟೇ ಓದಲಾಗಿದ್ದು. ಅದರ ಮುಂದೆ ನಗುಮುಖಗಳು, ಇಸ್ಪೀಟಿನ ಆಟೀನು, ಕಳಾವರ, ಚೌಕ, ಬಾಣ, ನಡುನಡುವೆ ಮುರಿದ ಇಂಗ್ಲಿಷ್ ಪದಗಳು. ಬೈಟುಗಳನ್ನು ಅಕ್ಷರವೆಂದು ಓದಹೋದರೆ ಡಾಸ್ ಪರದೆ ತೋರಿಸುವುದೇ ಅದನ್ನು. ಪುಟ ಇಳಿಸಿದಷ್ಟೂ ಅದೇ. ಮುರಿದದ್ದು ಯಾವ ಸಾಲು ಅಂತ ಹುಡುಕೋಣವೆಂದರೆ ಅಲ್ಲಿ ಸಾಲೇ ಇಲ್ಲ. ಅಜ್ಜ ಹಿಂದೆ ನಿಂತು ನೋಡುತ್ತಿದ್ದರು. ‘ಇದನ್ನ ಬರೆದವನಿಗಾದರೂ ಓದಕ್ಕೆ ಬರ್ತದಾ?’ ಅಂತ ಕೇಳಿದರು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳುವ ಆಸೆಯಿಂದ.

ವಿಂಡೋಸ್ 98ರಲ್ಲಿ ಇದಕ್ಕೊಂದು ಮದ್ದು ಇತ್ತು. ಅದು ದಿನಕ್ಕೊಂದು ಸಲ, ಮೊದಲ ಬಾರಿ ಸರಿಯಾಗಿ ಹಚ್ಚಿಕೊಂಡಾಗ, ರಿಜಿಸ್ಟ್ರಿಯ ಒಂದು ಪ್ರತಿ ತೆಗೆದಿಡುತ್ತಿತ್ತು. ಅಂಥ ಐದು ಪ್ರತಿ ಇರುತ್ತಿದ್ದವು. ಡಾಸಿನಲ್ಲಿ ಸ್ಕ್ಯಾನ್‌ರೆಗ್ ಆಜ್ಞೆ ಕೊಟ್ಟರೆ ತಾರೀಖು ಸಮೇತ ಐದರ ಪಟ್ಟಿ ಬರುತ್ತದೆ, ಬೇಕಾದ್ದು ಆರಿಸಿಕೊಳ್ಳಬಹುದು. ಹಿಂದಿನ ದಿನದ್ದು ಆರಿಸಿದೆ. ಕಂಪ್ಯೂಟರ್ ಎದ್ದಿತು. ಸಾವ್ಕಾರ್ರು ನನ್ನ ಬೆನ್ನು ತಟ್ಟಿದರು.

ಆದರೆ ಆ ಪ್ರತಿ ಹಿಂದಿನ ದಿನ ಬೆಳಿಗ್ಗೆ ತೆಗೆದದ್ದು. ಪ್ರಿಂಟರಿನ ಅಳತೆ ಹೊಂದಿಸಿದ್ದು ಮಧ್ಯಾಹ್ನ. ಹಾಗಾಗಿ ಆ ಮಧ್ಯಾಹ್ನವೆಂಬುದೇ ಕಂಪ್ಯೂಟರಿನ ನೆನಪಿನಲ್ಲಿ ಇರಲಿಲ್ಲ. ಕನ್ನಡ ಫಾಂಟು ಕಾಣೆಯಾಗಿ ಪರದೆ ತುಂಬ ತಲೆ ಮೇಲೆ ಟೋಪಿ, ಗೆರೆ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳು. ಅದನ್ನೇನೋ ಸಿಡಿ ಹಾಕಿ ಸರಿಮಾಡಿದೆ. ಪಟ್ಟಿ ಮಾತ್ರ ದಾರಿಗೆ ಬರಲಿಲ್ಲ. ಮೊದಲ ಪಟ್ಟಿ ಸುಮಾರಾಗಿ ಬಂತು. ಎರಡನೆಯದು ಅರ್ಧ ಬೆರಳು ಕೆಳಗೆ ಜಾರಿತು, ಮೂರನೆಯದು ಇನ್ನಷ್ಟು. ಐದನೆಯದರಲ್ಲಿ ಒಟ್ಟು ಮೊತ್ತದ ಸಾಲು ಸರಿಯಾಗಿ ಹರಿಯುವ ತೂತುಗೆರೆಯ ಮೇಲೇ ಕೂತಿತು. ಕಾಗದ ಹರಿದರೆ ರೈತರ ದುಡ್ಡಿನ ಅಂಕಿ ಎರಡು ಹೋಳು, ತಲೆ ಒಬ್ಬರ ಕೈಯಲ್ಲಿ, ಕಾಲು ಇನ್ನೊಬ್ಬರ ಕೈಯಲ್ಲಿ. ಫಸಲು ಚೇಣಿಗೆ ಹಿಡಿದವರೊಬ್ಬರು ಅದನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಮಾತಾಡದೆ ವಾಪಸ್ ಮೇಜಿನ ಮೇಲಿಟ್ಟರು. ಆ ಮೌನ ನನಗೆ ಇವತ್ತಿಗೂ ನೆನಪಿದೆ.

ಅಳತೆ ಹೊಂದಿಸಿದವರಿಗೆ ಫೋನು ಮಾಡಿದರೆ, ಏನೋ ಹಾಕಿದ್ದೆ, ಈಗ ನೆನಪಿಲ್ಲ, ಹಬ್ಬ ಕಳೆದ ಮೇಲೆ ಬರುತ್ತೇನೆ ಅಂದರು. ಅವತ್ತು ಇಡೀ ದಿನ ಅಜ್ಜ ಪಟ್ಟಿಗಳನ್ನು ಕೈಯಲ್ಲಿ ಬರೆದರು.

ರಾತ್ರಿ ಅಜ್ಜನೇ ಗಲ್ಲಾ ಪೆಟ್ಟಿಗೆಯ ಕೆಳಗಿನ ಖಾನೆಯಿಂದ ಒಂದು ಫ್ಲಾಪಿ ತೆಗೆದುಕೊಟ್ಟರು. ದಾವಣಗೆರೆ ಹುಡುಗನ ಹಳೇ ಪ್ರೋಗ್ರಾಮಿನದು. ‘ಅವನ ಕೈಲಿ ನಾನು ಬರೆಸಿದ್ದೆ. ಐತೇನೋ ನೋಡು’ ಅಂದರು. ಫ್ಲಾಪಿಯಲ್ಲಿ ಒಂದು ಪುಟ್ಟ ಐಎನ್‌ಐ ಕಡತವಿತ್ತು, ನಲವತ್ತು ಸಾಲಿನದು. ಎಡಿಟ್‌ನಲ್ಲಿ ತೆರೆದೆ. ಪುಟದ ಉದ್ದ ಎಂಬ ಹೆಸರಿನ ಮುಂದೆ ನಾಲ್ಕು ಸಂಖ್ಯೆ: 27, 67, 0, 6. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ‘ಪುಟ ಇಷ್ಟು ಇಂಚು’ ಎಂದು ಹೇಳುವ ಭಾಷೆ ಅದು. ಮೊದಲ ಮೂರು ಆಜ್ಞೆ, ಕೊನೆಯ ಆರು ಇಂಚಿನ ಲೆಕ್ಕ. ಅದರ ಮೇಲಿನ ಸಾಲು ಅರ್ಧವಿರಾಮ ಚಿಹ್ನೆಯಿಂದ ಶುರುವಾಗಿತ್ತು. ಐಎನ್‌ಐ ಕಡತದಲ್ಲಿ ಆ ಚಿಹ್ನೆಯಿಂದ ಶುರುವಾದ ಸಾಲನ್ನು ಯಂತ್ರ ಓದುವುದಿಲ್ಲ, ಅದು ಮನುಷ್ಯರಿಗಾಗಿ. ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೀಗೆ ಬರೆದಿತ್ತು: ‘ಕಾಗದ 12 ಇಂಚು, ಮಧ್ಯಕ್ಕೆ ಹರಿಯೋ ಗೆರೆ, ಅದಕ್ಕೆ ಪುಟ 6 ಇಂಚು.’ ಇನ್ನೂ ಕೆಳಗೆ: ‘ಮೇಲೆ 4 ಸಾಲು ಬಿಡಬೇಕು, ಮಂಡಿ ಹೆಸರು ಮೊದಲೇ ಅಚ್ಚಾಗಿದೆ.’

ಇಂಚಿಗೆ ಆರು ಸಾಲು, ಆರು ಇಂಚಿಗೆ ಮೂವತ್ತಾರು, ಮೇಲೆ ನಾಲ್ಕು ಬಿಟ್ಟರೆ ಒಂದು ಇಂಚಿನ ಮೂರರಲ್ಲಿ ಎರಡು ಪಾಲು. ಇಷ್ಟು ಲೆಕ್ಕ ಹಾಕಿ ವಿಂಡೋಸಿನ ಪ್ರಿಂಟರ್ ಹೊಂದಿಕೆಯಲ್ಲಿ ಹೊಸ ಕಾಗದದ ಅಳತೆ ಕೊಟ್ಟೆ. ಮೂರನೇ ಹಾಳೆಗೆ ಪಟ್ಟಿ ಸರಿಯಾಗಿ ಕೂತಿತು. ಹತ್ತು ಪಟ್ಟಿ ಒಂದರ ಹಿಂದೊಂದು ಬಿಟ್ಟೆ, ಒಂದು ಕೂದಲೆಳೆಯಷ್ಟೂ ಜಾರಲಿಲ್ಲ.

ಆಗ ಅಜ್ಜನ ಪ್ರಶ್ನೆ ಅರ್ಥವಾಯಿತು. ರಿಜಿಸ್ಟ್ರಿಯ ಒಂದೊಂದು ನಮೂದಿನಲ್ಲೂ ಹೆಸರಿಗೆ ಜಾಗವಿದೆ, ಅದು ಸಂಖ್ಯೆಯೋ ಪದವೋ ಎಂಬ ಜಾತಿಗೆ ಜಾಗವಿದೆ, ಬೆಲೆಗೆ ಜಾಗವಿದೆ. ‘ಯಾಕೆ’ ಅನ್ನುವುದಕ್ಕೆ ಇಲ್ಲ. ಅಷ್ಟು ದೊಡ್ಡ ಉಗ್ರಾಣದಲ್ಲಿ ಷರಾ ಕಾಲಂ ಇಲ್ಲ.

ಬೆಂಗಳೂರಿಗೆ ಬಂದು ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದು 2003ರಲ್ಲಿ. ಅಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕೈಗೆ ಬಂತು. ಇಟಿಸಿ ಅನ್ನುವ ಫೋಲ್ಡರ್ ತೆರೆದ ದಿನ ನನಗೆ ಮಂಡಿಯ ಕಪಾಟು ತೆರೆದಂತಾಯಿತು. ಡಿಸ್ಕುಗಳ ವಿವರ ಒಂದು ಕಡತದಲ್ಲಿ, ನೆಟ್‌ವರ್ಕಿನದು ಇನ್ನೊಂದರಲ್ಲಿ, ಬಳಕೆದಾರರದು ಮತ್ತೊಂದರಲ್ಲಿ, ಎಲ್ಲ ಓದಬಲ್ಲ ಅಕ್ಷರದಲ್ಲಿ. 1970ರ ದಶಕದ ಮೊದಲಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಕಟ್ಟಿದ ಯುನಿಕ್ಸ್‌ನಿಂದ ಬಂದ ರೂಢಿ ಇದು. ಬಳಕೆದಾರರ ಕಡತದ ಹೆಸರು ಪಾಸ್‌ವರ್ಡ್ ಎಂಬುದರ ಮೊಟಕು ರೂಪ. ಒಬ್ಬರಿಗೆ ಒಂದು ಸಾಲು, ಸಾಲಿಗೆ ಏಳು ಅಂಕಣ, ನಡುವೆ ವಿವರಣ ಚಿಹ್ನೆ. ಅದರ ಕೈಪಿಡಿ ಓದುತ್ತಾ ಐದನೇ ಅಂಕಣಕ್ಕೆ ಬಂದವನು ಅಲ್ಲೇ ನಿಂತೆ. ಬಳಕೆದಾರರ ಪೂರ್ತಿ ಹೆಸರು ಅಥವಾ ಟಿಪ್ಪಣಿ ಅಂತ ಇತ್ತು. ಇಲ್ಲೂ ಯಾರೋ ಮೂರು ಬೆರಳು ಜಾಗ ಬಿಟ್ಟಿದ್ದರು.

ಉಳಿದ ಕಡತಗಳಲ್ಲಿ ಹ್ಯಾಶ್ ಗುರುತಿನಿಂದ ಶುರುವಾದ, ಯಂತ್ರ ಓದದೆ ಬಿಡುವ ಸಾಲುಗಳು. ನನಗಿಂತ ಮೊದಲು ಅಲ್ಲಿ ಕೆಲಸ ಮಾಡಿ ಬಿಟ್ಟುಹೋದವರು, ಮುಖವನ್ನೇ ನೋಡದವರು, ನನಗೆ ಮಾತು ಬಿಟ್ಟುಹೋಗಿದ್ದರು. ಈ ಸಂಖ್ಯೆ ಹೆಚ್ಚಿಸಿದರೆ ತಿಂಗಳ ಕೊನೆಯ ಸಂಬಳದ ದಿನ ಡೇಟಾಬೇಸ್ ಉಸಿರುಗಟ್ಟುತ್ತದೆ, ಮುಟ್ಟಬೇಡಿ, ಅಂತ ಒಂದು ಕಡೆ ಇತ್ತು. ಆ ಒಂದು ಸಾಲು ನನ್ನ ಎಷ್ಟು ರಾತ್ರಿಗಳ ನಿದ್ದೆ ಉಳಿಸಿತೋ.

ಕಣ್ಣಿಗೆ ಕಾಣುವ ಕಡತವಾದ ಮಾತ್ರಕ್ಕೆ ಕೆಡುವುದಿಲ್ಲ ಅಂತ ನಾನು ಹೇಳುವುದಿಲ್ಲ. ಒಂದು ರಾತ್ರಿ ಪಾಳಿಯಲ್ಲಿ ಡಿಸ್ಕಿನ ಕಡತದಲ್ಲಿ ಒಂದು ಅಂಕಣ ಬಿಟ್ಟು ಬರೆದು ಸರ್ವರ್ ಮರುಚಾಲನೆ ಮಾಡಿದೆ. ಅದು ಅರ್ಧಕ್ಕೇ ನಿಂತಿತು. ಆದರೆ ಐದನೇ ಸಾಲು ಸರಿಯಿಲ್ಲ ಅಂತ ತಾನೇ ಹೇಳಿತು. ಐದನೇ ಸಾಲಿಗೆ ಹೋದೆ, ನನ್ನ ತಪ್ಪು ನನಗೇ ಕಂಡಿತು, ತಿದ್ದಿದೆ. ಹತ್ತು ನಿಮಿಷದ ಮಾತು. ಮಂಡಿಯಲ್ಲಿ ಒಂದು ದಿನ ಹೋಗಿತ್ತು.

ರಿಜಿಸ್ಟ್ರಿ ಕಟ್ಟಿದವರ ಕಷ್ಟವೂ ಆಮೇಲೆ ತಿಳಿಯಿತು. ಐಎನ್‌ಐ ಕಡತಕ್ಕೆ 64 ಕಿಲೋಬೈಟಿನ ಮಿತಿ ಇತ್ತು, ಪ್ರತಿ ಪ್ರೋಗ್ರಾಮೂ ಬಂದು ವಿನ್.ಐಎನ್‌ಐನಲ್ಲಿ ತನ್ನ ಸಾಲು ತುರುಕುತ್ತಿತ್ತು. ಎರಡು ಪ್ರೋಗ್ರಾಮುಗಳು ಒಟ್ಟಿಗೆ ಬರೆಯಲು ಬಂದರೆ ಕಾಯುವವರಿರಲಿಲ್ಲ. ಒಂದೇ ಯಂತ್ರವನ್ನು ಇಬ್ಬರು ಬಳಸಿದರೆ ಒಬ್ಬರ ಹೊಂದಿಕೆ ಇನ್ನೊಬ್ಬರ ಮೇಲೆ ಹರಿಯುತ್ತಿತ್ತು. ಇದಕ್ಕೆಲ್ಲ ಬೀಗ, ಅಧಿಕಾರ, ವೇಗದ ಹುಡುಕಾಟ ಇರುವ ಒಂದು ಉಗ್ರಾಣ ಬೇಕೇಬೇಕಾಗಿತ್ತು. ನೂರಾರು ಕಂಪ್ಯೂಟರುಗಳಿರುವ ಕಚೇರಿಯಲ್ಲಿ ಒಂದೇ ಜಾಗದಲ್ಲಿ ಕೂತು ಎಲ್ಲ ಯಂತ್ರಗಳ ಹೊಂದಿಕೆ ಬದಲಿಸುವ ಅನುಕೂಲವನ್ನು ನಾನೇ ವರ್ಷಗಟ್ಟಲೆ ಉಂಡಿದ್ದೇನೆ. ಲಿನಕ್ಸ್ ಕೂಡ ಈಗ ಪೂರ್ತಿ ಅಕ್ಷರದ್ದಲ್ಲ. ಗ್ನೋಮ್ ಡೆಸ್ಕ್‌ಟಾಪಿನ ಹೊಂದಿಕೆಗಳು ಡಿಕಾನ್ಫ್ ಎಂಬ ಬೈನರಿ ಕಡತಕ್ಕೆ ಹೋದವು. ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ದಿನಚರಿಯೂ ಬೈನರಿ. ಗ್ನೋಮ್ ಹೊಂದಿಕೆಗಳಲ್ಲಿ ಒಂದು ಒಳ್ಳೆಯದಿದೆ, ಬಹುಪಾಲು ಹೊಂದಿಕೆಗೆ ಅದು ಏನು ಮಾಡುತ್ತದೆ ಎಂಬ ವಿವರಣೆ ಜೊತೆಗೇ ಬರುತ್ತದೆ. ಆದರೆ ಅದು ಕಟ್ಟಿದವರ ಷರಾ. ನಮ್ಮ ಮಂಡಿಯಲ್ಲಿ, ನಮ್ಮ ಕಾಗದಕ್ಕೆ ನಾನು ಯಾಕೆ ಆರು ಹಾಕಿದೆ ಎಂಬುದನ್ನು ಅವರು ಹೇಗೆ ಬರೆದಾರು? ಅದನ್ನು ಬರೆಯಬೇಕಾದವನು ನಾನು, ಬರೆಯಲು ಜಾಗ ಬೇಕು.

ಕನ್ನಡದ ಮಟ್ಟಿಗೆ ಓದಬಲ್ಲ ಕಡತದ ಈ ಮಾತು ನನಗೆ ಇನ್ನೂ ಹತ್ತಿರದ ವಿಷಯವಾಯಿತು. ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಿಂದ ಮನೆಮಾತಾದ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಲ್ಲೇ ಇದೆ. ವಿಂಡೋಸಿನ ಜೊತೆಗೆ ಬರುವ ಕನ್ನಡ ಕೀಲಿಮಣೆ ಒಂದು ಡಿಎಲ್‌ಎಲ್ ಕಡತ, ಅದರ ಗುರುತು ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆಯ ಅಡಿ ಇರುತ್ತದೆ, ಯಾವ ಗುಂಡಿಗೆ ಯಾವ ಅಕ್ಷರ ಅನ್ನುವುದು ಡಿಎಲ್‌ಎಲ್ ಒಳಗೆ ಮುಚ್ಚಿಕೊಂಡಿರುತ್ತದೆ. ಲಿನಕ್ಸಿನ ಕಗಪ ಸಾದಾ ಕಡತದಲ್ಲಿರುವ ಹತ್ತಾರು ಸಾಲುಗಳು. ಮೊದಲ ಸಲ ಅದನ್ನು ತೆರೆದಾಗ ಬೆರಳಿಟ್ಟು ಓದಿದೆ. ಕ್ಯೂ ಗುಂಡಿಗೆ ಟ, ಡಬ್ಲ್ಯೂಗೆ ಡ, ಎಫ್‌ಗೆ ಅರ್ಧಾಕ್ಷರ ಮಾಡುವ ಗುರುತು, ಎಕ್ಸ್‌ಗೆ ಷ. ಆ ಷ ಯುನಿಕೋಡಿನ ಲೆಕ್ಕದಲ್ಲಿ 0ಸಿಬಿ7. ನನ್ನ ಭಾಷೆ ಬೆರಳಿನಿಂದ ಪರದೆಗೆ ಹೋಗುವ ದಾರಿ ಪೂರ್ತಿ ನನಗೆ ಓದಲು ಸಿಕ್ಕಿತ್ತು. ಬೇಕೆಂದರೆ ಒಂದು ಸಾಲು ಬದಲಿಸಿ, ಎರಡು ಓರೆಗೆರೆ ಹಾಕಿ, ಯಾಕೆ ಬದಲಿಸಿದೆ ಅಂತ ಪಕ್ಕದಲ್ಲೇ ಬರೆಯಬಹುದಿತ್ತು.

ಅಂದಿನಿಂದ ನಾನು ನೋಡಿಕೊಳ್ಳುವ ಯಂತ್ರಗಳಲ್ಲಿ ಒಂದು ಸಂಖ್ಯೆ ಬದಲಿಸಿದರೂ ಮೇಲೆ ತಾರೀಖು, ಕಾರಣ ಬರೆಯುತ್ತೇನೆ, ಎಷ್ಟೋ ಸಲ ಕನ್ನಡದಲ್ಲಿ. ರಿಜಿಸ್ಟ್ರಿ ಬದಲಿಸುವುದಿದ್ದರೆ ಮೊದಲು ಆ ಭಾಗವನ್ನು ಅಕ್ಷರದ ಕಡತಕ್ಕೆ ರಫ್ತು ಮಾಡಿ, ತಲೆಬರಹದಲ್ಲಿ ಷರಾ ಬರೆದು ಇಡುತ್ತೇನೆ. ಜೊತೆಗೆ ಕೆಲಸ ಮಾಡುವ ಹುಡುಗ ಹುಡುಗಿಯರಿಗೂ ಇದೊಂದನ್ನು ಬಿಡದೆ ಹೇಳುತ್ತೇನೆ.

ಲೆಕ್ಕದಜ್ಜ ಈಗಿಲ್ಲ. ಹೋದ ವರ್ಷ ಊರಿಗೆ ಹೋದಾಗ ಮಂಡಿಗೆ ಹೋಗಿದ್ದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಹೋಗಿದೆ, ಪಟ್ಟಿ ಈಗ ಮೊಬೈಲಿಗೇ ಬರುತ್ತದೆ. ಹಳೇ ಕಿರ್ದಿಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಾರೆ. ಸಾವ್ಕಾರ್ರ ಮಗ ಏಣಿ ಹಾಕಿಕೊಟ್ಟರು. 2000ನೇ ಇಸವಿಯ ಪುಸ್ತಕ ಹುಡುಕಿ ತೆಗೆದೆ. ದೀಪಾವಳಿಗೆ ಒಂಬತ್ತು ದಿನ ಮೊದಲಿನ ಪುಟ. ಒಳಗೆಲ್ಲ ಅಂಕಿಗಳು, ಬಲಕ್ಕೆ ಆ ಮೂರು ಬೆರಳು ಜಾಗ, ಅದರಲ್ಲಿ ಅಜ್ಜನ ಒತ್ತೊತ್ತಾದ ಅಕ್ಷರ: ‘ಕಂಪ್ಯೂಟರ್ ಕೆಟ್ಟಿದೆ. ಪಟ್ಟಿ ಕೈಯಲ್ಲಿ ಬರೆದಿದೆ. ಹುಡುಗ ನೋಡುತ್ತಿದ್ದಾನೆ.’ ಅದರ ಕೆಳಗೆ ಬೇರೆ ಪೆನ್ನಿನಲ್ಲಿ: ‘ರಾತ್ರಿ ಸರಿಯಾಯಿತು. ಪುಟ 6 ಇಂಚು, ಮೇಲೆ 4 ಸಾಲು.’